ಗಂಟಿನ ಜಾತಕ

ಅಕ್ಕೋರು ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದರು. ತೀರಿಹೋದವರ ಬಗ್ಗೆ ಬರೆಯಲು ಕೂತು ಇದನ್ನೇ ಮೊದಲು ಹೇಳುವುದೇ ಎಂದು ನನ್ನ ತಂಗಿ ಬೈಯುತ್ತಾಳೆ. ಬೈಯಲಿ. ಅಕ್ಕೋರು ಹೋಗಿ ತಿಂಗಳಾಗುತ್ತ ಬಂತು. ಮಾತಾಡಿಸಲು ಬಂದವರೆಲ್ಲ ಅವರನ್ನು ದೇವತೆ ಮಾಡಿ ಗೋಡೆಗೆ ನೇತುಹಾಕಲು ಹೊರಟಿದ್ದಾರೆ. ಬೆಟಗೇರಿಯ ಈ ಓಣಿಯಲ್ಲಿ ಅವರ ಮಗ್ಗುಲ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಅಲ್ಲಿ ದೇವತೆ ಯಾರೂ ಇರಲಿಲ್ಲ. ಕವಡೆ ಹೊರಳಿಸುವ, ಮಿರ್ಚಿ ಭಜಿ ಎಂದರೆ ಪ್ರಾಣ ಬಿಡುವ, ಓಣಿಯ ಯಾರ ಮನೆಯಲ್ಲಿ ಜಗಳವಾದರೂ ನನಗಿಂತ ಮೊದಲು ಸುದ್ದಿ ಹಿಡಿಯುವ ಒಬ್ಬ ಹೆಂಗಸಿದ್ದರು.

ಅವರಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಕವಡೆ ಚೆಲ್ಲಿದ ಮೇಲೆ ಎಷ್ಟು ಬಿದ್ದಿವೆ ಎಂದು ಬೆರಳಾಡಿಸಿ ನೋಡಬೇಕಿತ್ತು. ಆ ನೋಡುವ ನೆವದಲ್ಲಿ ಒಂದು ಕವಡೆ ಮೆಲ್ಲಗೆ ಮಗ್ಗುಲು ಬದಲಿಸುತ್ತಿತ್ತು.

‘ಅಕ್ಕೋರ, ಕವಡಿ ಹೊಳ್ಳಿಸಿದ್ರಿ!’ ಎಂದು ನಾನು ಕೂಗುತ್ತಿದ್ದೆ.

‘ನೀವು ನೋಡಿದ್ರೇನು?’

‘ಕಣ್ಣಾರೆ ನೋಡೇನಿ.’

‘ನಾ ಅಂತೂ ನೋಡಿಲ್ಲರಿ,’ ಎಂದು ಹೇಳಿ ತಮ್ಮ ಕಾಯಿ ಮುಂದೆ ನಡೆಸುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ರೂಢಿ. ಅವರು ಸಂಗೀತದ ಅಕ್ಕೋರು. ಶಿರಹಟ್ಟಿ ತಾಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹಾಡು ಕಲಿಯಲೆಂದು ಸಣ್ಣವರಿದ್ದಾಗಲೇ ಗದಗಿಗೆ ಬಂದವರು. ಆಮೇಲೆ ಊರಿಗೆ ಹಬ್ಬಕ್ಕೆ ಹೋದರೇ ಹೊರತು ಇರಲು ಹೋಗಲಿಲ್ಲ. ಬೆಟಗೇರಿಯಲ್ಲಿ ಎರಡು ಕೋಣೆ ಹಿಡಿದು ಹಾರ್ಮೋನಿಯಂ ಕಲಿಸುತ್ತಿದ್ದರು. ನಾನು ಬಸ್ ಡಿಪೋದಲ್ಲಿ ಗುಮಾಸ್ತೆಯಾಗಿದ್ದೆ. ಅದಕ್ಕೇ ನನ್ನನ್ನು ‘ಡಿಪೋ ಬಾಯಾರ’ ಎಂದು ಕರೆಯುತ್ತಿದ್ದರು. ನಿವೃತ್ತಳಾದ ಮೇಲೂ ಆ ಹೆಸರು ಹೋಗಲಿಲ್ಲ.

ಅವರ ಬದುಕೆಲ್ಲ ಬೆರಳಿನ ತುದಿಯಲ್ಲಿತ್ತು. ಮೊರದಲ್ಲಿ ಜೋಳ ಹರವಿಕೊಂಡು ಮಾತಾಡುತ್ತಲೇ ಹರಳು ಆರಿಸುವರು. ಸೀರೆಯ ಸೆರಗು ಹಿಡಿದು ಕೈಮಗ್ಗದ್ದೋ ಅಲ್ಲವೋ ಹೇಳುವರು. ನೇಕಾರರ ಓಣಿಯಲ್ಲಿ ಬಾಳಿದವರಿಗೆ ಅದೇನು ದೊಡ್ಡದಲ್ಲ ಬಿಡಿ. ಬಣ್ಣ ಮಾತ್ರ ನನ್ನನ್ನು ಕೇಳಬೇಕಿತ್ತು. ‘ಹಸರ’ ಎಂದರೆ ಸಾಲುತ್ತಿರಲಿಲ್ಲ. ‘ಎಂಥಾ ಹಸರ? ಹಸಿ ಮೆಣಸಿನಕಾಯಿದೋ, ಬಾಡಿದ ಎಲಿದೋ?’ ಎಂದು ಪೀಡಿಸುವರು. ಒಮ್ಮೆ ರೇಗಿ, ನಿಮಗೆ ಬಣ್ಣ ಕಟ್ಟಿಕೊಂಡು ಏನಾಗಬೇಕಿದೆ ಎಂದೆ. ‘ನೋಡಾವ್ರು ನೀವಲ್ಲೇನ್ರಿ? ನಿಮ್ಮ ಕಣ್ಣಿನ ಮ್ಯಾಲಿನ ಕರುಣಾಕ್ಕ ಕೇಳಾಕತ್ತೇನಿ,’ ಎಂದರು.

ಕಲಿಸುವಾಗ ತಮ್ಮ ಕೈ ಮೇಲೆ ಶಿಷ್ಯರ ಕೈ ಇರಿಸಿಕೊಂಡು ನುಡಿಸುತ್ತಿದ್ದರು. ಬೆರಳು ಬೆರಳಿಗೆ ಹೇಳಿದ್ದು ಕಿವಿಗೆ ಹೇಳಿದ್ದಕ್ಕಿಂತ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಹೊಗಳಿಕೆಯಲ್ಲಿ ಮಹಾ ಜಿಪುಣಿ. ಭಾಳ ಚೆನ್ನಾಗಿ ನುಡಿಸಿದರೆ ‘ನಡೀತೈತಿ’ ಎನ್ನುವರು, ಅಷ್ಟೇ. ಲಕ್ಷ್ಮೇಶ್ವರದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನೊಬ್ಬ ಅವರ ಹಳೆಯ ಶಿಷ್ಯ. ರವಿವಾರ ತಪ್ಪದೆ ಬರುತ್ತಿದ್ದ. ಅವನಿಗೆ ಮೊದಲ ಸಲ ‘ನಡೀತೈತಿ’ ಸಿಕ್ಕ ದಿನ ಓಣಿಗೆಲ್ಲ ಬಾಳೆಹಣ್ಣು ಹಂಚಿದ್ದ.

ಆರೋಗ್ಯ ತಪಾಸಣೆಯ ಶಿಬಿರವೊಂದಕ್ಕೆ ನಾನೇ ಅವರನ್ನು ಎಳೆದುಕೊಂಡು ಹೋಗಿದ್ದೆ. ಅಲ್ಲಿಯ ನರ್ಸ್ ಎದೆಯಲ್ಲಿ ಗಂಟಿದೆ ಎಂದಳು. ಮುಂದಿನದೆಲ್ಲ ಸರಸರ ಆಯಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಸರ್ಕಾರದ ಕಾರ್ಡಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು, ಕೈಯಿಂದ ಒಂದು ಪೈಸೆ ಬೀಳಲಿಲ್ಲ. ಎರಡು ವಾರ ಕಳೆದು ವರದಿ ಕೇಳಲು ಹೋದಾಗ ನಾನೂ ಮಾಸ್ತರನೂ ಜೊತೆಗಿದ್ದೆವು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವಳೇ. ‘ಗಂಟ ಪೂರ್ತಿ ತಗದೇವ್ರಿ. ಕಂಕುಳಿಗೆ ಹಬ್ಬಿಲ್ಲ. ಇನ್ನ ಗುಳಗಿ ಅಂತೂ ಕೆಲವು ವರ್ಷ ತಗೋಳಾಕ ಬೇಕು. ಕೀಮೋ ಬೇಕೋ ಬ್ಯಾಡೋ ಅನ್ನೂದಷ್ಟ ಬರೇ ಇದನ್ನ ನೋಡಿ ಹೇಳಾಕ ಬರವಲ್ದು,’ ಎಂದಳು. ಕೀಮೋದಿಂದ ಏನೇನಾಗಬಹುದು ಎಂದು ಹೇಳುತ್ತ, ಕೂದಲು, ವಾಂತಿ, ಸುಸ್ತು ಎಲ್ಲ ಮುಗಿಸಿ, ಕೊನೆಗೆ ಬೆರಳಿನ ತುದಿ ಜೋಮು ಹಿಡಿದು ಸ್ಪರ್ಶ ಕಡಿಮೆಯಾಗಬಹುದು, ಬಹಳ ಜನಕ್ಕೆ ತಿರುಗಿ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದಳು.

ಅಕ್ಕೋರು ಮೇಜಿನ ಮೇಲಿದ್ದ ಎರಡೂ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು. ‘ಬೆರಳ ಹೋದ್ರ ನಂದೇನ ಉಳೀತೈತ್ರಿ ಡಾಕ್ಟರ?’ ಎಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆಗ ಡಾಕ್ಟರು ಆ ಪರೀಕ್ಷೆಯ ಮಾತು ತೆಗೆದಳು. ಕತ್ತರಿಸಿ ತೆಗೆದ ಗಂಟಿನ ತುಣುಕನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುವುದು. ಅದರ ಜೀನುಗಳನ್ನು ಓದಿ, ಈ ರೋಗ ಮರಳಿ ಬರುವ ಸ್ವಭಾವದ್ದೋ ಅಲ್ಲವೋ, ಕೀಮೋ ಕೊಟ್ಟರೆ ಲಾಭವಿದೆಯೋ ಇಲ್ಲವೋ ಎಂದು ಒಂದು ಅಂಕಿಯಲ್ಲಿ ಅವರು ಹೇಳುತ್ತಾರೆ. ಬೇಡ ಎಂದು ಬಂದರೆ ಗುಳಿಗೆಯಷ್ಟೇ ಸಾಕು; ಬೆರಳು ಉಳಿಯುತ್ತವೆ.

‘ಅಂದ್ರ ಗಂಟಿನ ಜಾತಕಾ ಬರಸೂದು ಅನ್ರಿ,’ ಎಂದು ಅಕ್ಕೋರು ನಕ್ಕರು. ‘ಕುರುಡ ಕೂಸಿಗೆ ಯಾಕ ಅಂತ ನಮ್ಮಪ್ಪ ನನ್ನ ಜಾತಕಾ ಬರಸಲಿಲ್ಲ. ಈ ಗಂಟಿನ ನಸೀಬ ನೋಡ್ರಿ!’

ಆದರೆ ಕಾರ್ಡಿನಲ್ಲಿ ಈ ಪರೀಕ್ಷೆಗೆ ಅವಕಾಶವಿರಲಿಲ್ಲ. ಕೀಮೋಗೆ ಇತ್ತು. ಪರೀಕ್ಷೆಯ ಖರ್ಚು ಅಕ್ಕೋರ ವರ್ಷದ ಗಳಿಕೆಯನ್ನೂ ಮೀರಿದ್ದು. ‘ಔಷಧ ಪುಕ್ಕಟ, ಅದು ಬೇಕೋ ಬ್ಯಾಡೋ ಅಂತ ಕೇಳಾಕ ರೊಕ್ಕ. ಇದ್ಯಾವ ಅಂಗಡಿ ಲೆಕ್ಕರಿ?’ ಎಂದು ಅವರು ಕೇಳಿದಾಗ ಡಾಕ್ಟರು ತಲೆ ತಗ್ಗಿಸಿದಳು. ಪಾಪ, ಆಕೆಯದೇನೂ ತಪ್ಪಿರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ.

ಮನೆಗೆ ಬಂದವರೇ ಎರಡೂ ಬೇಡ ಎಂದು ಹಟ ಹಿಡಿದರು. ಪರೀಕ್ಷೆಯೂ ಬೇಡ, ಕೀಮೋವೂ ಬೇಡ. ನನ್ನ ಪಿಂಚಣಿಯ ದುಡ್ಡು ಇದೆ, ತಗೊಳ್ಳಿ ಎಂದೆ. ‘ನಿಮ್ಮ ರೊಕ್ಕ ತಗೊಂಡ್ರ ಚೌಕಾಬಾರದಾಗ ನಿಮಗ ಬಿಟ್ಟುಕೊಡಬೇಕಾಗತೈತಿ, ಅದು ನನ್ನ ಕೈಲಿ ಆಗಂಗಿಲ್ಲ,’ ಎಂದರು. ಜಗಳಾಡಿದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ಜಗ್ಗಲಿಲ್ಲ.

ದಾರಿ ಹುಡುಕಿದವನು ಮಾಸ್ತರ. ನಮ್ಮ ಕಡೆ ಶ್ರಾವಣದಲ್ಲಿ ಊರೂರಿಗೆ ಪುರಾಣ ಹಚ್ಚುತ್ತಾರೆ. ತಿಂಗಳು ಪೂರ್ತಿ ಸಂಜೆ ಸಂಜೆ ಓದು, ಹಾಡು. ಮುಗಿಯುವ ದಿನ ಸ್ವಾಮಿಗಳನ್ನೋ ಪುರಾಣ ಹೇಳಿದವರನ್ನೋ ತಕ್ಕಡಿಯಲ್ಲಿ ಕೂರಿಸಿ ನಾಣ್ಯದಲ್ಲಿ ತೂಗುತ್ತಾರೆ. ತುಲಾಭಾರದ ಹಣ ಮಠಕ್ಕೋ ಶಾಲೆಗೋ ಹೋಗುತ್ತದೆ. ಈ ಸಲ ತನ್ನ ಊರಿನಲ್ಲಿ ಅಕ್ಕೋರ ತುಲಾಭಾರ ಮಾಡುತ್ತೇವೆಂದು ಹಿರಿಯರನ್ನು ಒಪ್ಪಿಸಿ ಬಂದಿದ್ದ.

‘ತೂಗಾಕ ನಾನೇನ ಉಳ್ಳಾಗಡ್ಡಿ ಚೀಲೇನು?’ ಎಂದು ಅಕ್ಕೋರು ಸಿಡಿದರು. ‘ಅದು ದೊಡ್ಡವರಿಗೆ ಮಾಡೂದು. ನನಗ್ಯಾಕ?’

‘ನಿಮಗಲ್ರಿ ಅಕ್ಕೋರ,’ ಎಂದ ಮಾಸ್ತರ. ‘ನಿಮ್ಮ ಬೆರಳಿಗೆ. ಆ ಬೆರಳ ಮ್ಯಾಲ ಕೈ ಇಟ್ಟು ಕಲತಾವ್ರು ನಾವು. ಅವು ನಿಮ್ಮವಷ್ಟ ಅಲ್ಲ.’

ಅಕ್ಕೋರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾರ ಬೆರಳಷ್ಟ ತೂಗ್ರಿ, ಉಳದದ್ಯಾಕ?’ ಎಂದರು. ಅದು ಒಪ್ಪಿಗೆ ಎಂದು ನಮಗೆ ತಿಳಿಯಿತು.

ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯಿಂದ ದೊಡ್ಡ ತಕ್ಕಡಿ ತಂದು ಗುಡಿಯ ಮುಂದೆ ಕಟ್ಟಿ, ಸರಪಳಿಗೆ ಚೆಂಡುಹೂ ಸುತ್ತಿದ್ದರು. ಅಕ್ಕೋರನ್ನು ಒಂದು ಕಡೆ ಕೂರಿಸಿ ಇನ್ನೊಂದು ಕಡೆ ಜನ ನಾಣ್ಯದ ಗಂಟುಗಳನ್ನು ಇಡತೊಡಗಿದರು. ದವಾಖಾನೆಯಿಂದ ಬಂದ ಮೇಲೆ ಅವರು ಸೊರಗಿಹೋಗಿದ್ದರು. ಅರ್ಧ ಜನ ಇನ್ನೂ ಸಾಲಿನಲ್ಲಿ ಇರುವಾಗಲೇ ನಾಣ್ಯದ ತಟ್ಟೆ ಕೆಳಗೆ ಇಳಿದುಬಿಟ್ಟಿತು. ಊರಿನವರಿಗೆ ನಿರಾಶೆಯಾಯಿತು. ಕೈಯಲ್ಲಿ ಹಿಡಿದು ತಂದದ್ದನ್ನು ಹೊಳ್ಳಿ ಒಯ್ಯುವುದು ಹೇಗೆ? ಆಗ ಮಾಸ್ತರ ಓಡಿಹೋಗಿ ಹಾರ್ಮೋನಿಯಂ ತಂದು ಅಕ್ಕೋರ ತೊಡೆಯ ಮೇಲಿಟ್ಟ. ಜನ ಹೋ ಎಂದರು.

‘ನನ್ನ ತೂಗಾಕತ್ತೀರೋ ಪೇಟಿ ತೂಗಾಕತ್ತೀರೋ?’ ಎಂದು ಅಕ್ಕೋರು ಗದರಿಸಿದರು. ಆಮೇಲೆ ಅವರಿಗೇ ನಗು ಬಂತು. ತಕ್ಕಡಿ ಇನ್ನೂ ತೂಗಾಡುತ್ತಿದ್ದಂತೆಯೇ ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ಮಣೆ ಹುಡುಕಿ ತತ್ವಪದ ಎತ್ತಿಕೊಂಡರು. ಸಾಲು ಮುಗಿಯುವವರೆಗೂ ನುಡಿಸಿದರು. ಮುದುಕಿಯರು ನಾಣ್ಯ ಇಟ್ಟು, ಹೋಗುವಾಗ ಅವರ ಬೆರಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನುಡಿಸಲು ಅಡ್ಡಿಯಾಗುತ್ತದೆ ಎಂದು ಅಕ್ಕೋರು ಬೈದರೂ ಬಿಡಲಿಲ್ಲ.

ಕಡಿಮೆ ಬಿದ್ದದ್ದನ್ನು ಶಿಷ್ಯರು ಕೂಡಿಸಿದರು. ಗಂಟಿನ ತುಣುಕು ಪ್ರಯೋಗಾಲಯಕ್ಕೆ ಹೋಯಿತು. ಕಾಯುವ ದಿನಗಳಲ್ಲಿ ಅಕ್ಕೋರು ಮೊದಲಿಗಿಂತ ಜೋರಾಗಿ ಪಾಠ ಮಾಡಿದರು, ಮೊದಲಿಗಿಂತ ಹೆಚ್ಚು ಭಜಿ ತಿಂದರು. ಊರಿನಲ್ಲಿ ಎಲ್ಲರಿಗೂ ಒಂದೇ ನಂಬಿಕೆ: ತುಲಾಭಾರ ಆಗಿದೆ, ಇನ್ನು ಕೀಮೋ ತಪ್ಪಿತು. ಹರಕೆ ತೀರಿಸಿದ ಮೇಲೆ ದೇವರು ಒಲ್ಲೆ ಅನ್ನುವುದುಂಟೇ? ಪರೀಕ್ಷೆಯ ದುಡ್ಡು ಪ್ರಶ್ನೆ ಕೇಳುವುದಕ್ಕೆ ಕೊಟ್ಟದ್ದು, ಉತ್ತರ ಕೊಳ್ಳುವುದಕ್ಕಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ವರದಿ ಮಾಸ್ತರನ ಮೊಬೈಲಿಗೆ ಬಂತು. ಸಂಜೆ ಪೇಢೆಯ ಡಬ್ಬಿ ಹಿಡಿದು ಓಡುತ್ತ ಬಂದ. ‘ಅಕ್ಕೋರ, ಭಾಳ ಛಲೋ ನಂಬರ್ ಬಂದಾವ್ರಿ! ನಮ್ಮ ಸಾಲ್ಯಾಗ ಇಷ್ಟು ಬಂದ್ರ ಹುಡುಗೂರ್ನ ಹೆಗಲ ಮ್ಯಾಲ ಹೊತ್ತು ಕುಣೀತೇವಿ!’ ಊರಿನ ಗುಡಿಯ ಮೈಕಿನಲ್ಲಿಯೂ ಹೇಳಿಸಿ ಬಂದಿದ್ದ. ವರದಿಯಲ್ಲಿ ಉಳಿದದ್ದೆಲ್ಲ ತಿಳಿಯದ ಇಂಗ್ಲಿಷು. ಅಂಕಿ ಮಾತ್ರ ದಪ್ಪಗೆ, ದೊಡ್ಡದಾಗಿ ಇತ್ತು. ಮಾಸ್ತರಿಕೆ ಮಾಡಿದವನಿಗೆ ದೊಡ್ಡ ಅಂಕಿ ಎಂದರೆ ಪಾಸು. ನನಗೂ ಹಾಗೇ ಅನ್ನಿಸಿತು. ಪೇಢೆ ತಿಂದೆವು. ಅಕ್ಕೋರು ಅವತ್ತು ನುಡಿಸಿದ್ದನ್ನು ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತು ಕೇಳಿದವರಿದ್ದಾರೆ.

ಮರುದಿನ ಹುಬ್ಬಳ್ಳಿಗೆ ಹೋದೆವು. ಅಲ್ಲಿಗೂ ಒಂದು ಪೇಢೆ ಡಬ್ಬಿ ಒಯ್ದಿದ್ದೆವು. ಡಾಕ್ಟರು ವರದಿ ನೋಡಿದಳು, ಡಬ್ಬಿ ನೋಡಿದಳು, ನಮ್ಮ ಮುಖ ನೋಡಿದಳು.

‘ಈ ಅಂಕಿ ಸಣ್ಣದಿದ್ದಷ್ಟು ಛಲೋ ಇತ್ರಿ,’ ಎಂದಳು ನಿಧಾನಕ್ಕೆ. ‘ದೊಡ್ಡದೈತಿ ಅಂದ್ರ ಹೊಳ್ಳಿ ಬರೂ ಸ್ವಭಾವದ್ದು. ಕೀಮೋ ತಗೋಬೇಕ್ರಿ.’

ಮಾಸ್ತರ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತ.

‘ಅಂದ್ರ ನಪಾಸೇನ್ರಿ?’ ಎಂದರು ಅಕ್ಕೋರು. ಯಾರೂ ಉತ್ತರ ಕೊಡಲಿಲ್ಲ. ಹೊರಗೆ ಬಂದು ಬಸ್ ಹತ್ತಿದೆವು. ಅಣ್ಣಿಗೇರಿ ದಾಟುವವರೆಗೂ ಮಾತಿಲ್ಲ. ಹಿಂದಿನ ಸೀಟಿನಲ್ಲಿ ಮಾಸ್ತರ ಮೂಗು ಎಳೆದುಕೊಂಡದ್ದು ಅವರಿಗೆ ಕೇಳಿಸಿತು. ‘ಅಳಬ್ಯಾಡ್ರಿ ಮಾಸ್ತರ. ಒಂದು ಸಂಜಿ ಖುಷಿ ಆತಲ್ಲ, ಅದು ಖರೇನ ಆಗಿತ್ತು. ಅದನ್ನ ಡಾಕ್ಟರೂ ಕಸಗೋಳಾಕ ಬರಂಗಿಲ್ಲ,’ ಎಂದರು.

ಸುದ್ದಿ ಹಬ್ಬಿ, ಮಾಗಡಿಯ ಒಬ್ಬ ಅಜ್ಜಿ ಬಸ್ ಹಿಡಿದು ಬೆಟಗೇರಿಗೆ ಬಂದಳು. ತುಲಾಭಾರಕ್ಕೆ ಬಂದಿದ್ದವಳು. ಹೊಸ್ತಿಲ ಹೊರಗೇ ಕೂತಳು. ‘ನನ್ನ ರೊಕ್ಕದಾಗ ಏನರ ಪಾಪ ಇತ್ತೇನೋ ಯವ್ವಾ. ಮೈದುನನ ಕೂಡ ಕಟಿಪಿಟಿ ಮಾಡಿ ಇಸಗೊಂಡಿದ್ದು ಅದು. ಅದಕ್ಕ ತಿರುವುಮುರುವು ಆತು,’ ಎಂದು ಅತ್ತಳು. ಅಕ್ಕೋರು ತಡವರಿಸಿ ಅವಳ ಕೈ ಹಿಡಿದುಕೊಂಡರು. ‘ಇಲ್ಲಬೇ ಅಜ್ಜಿ. ನಿನ್ನ ರೊಕ್ಕ ನನಗ ಖರೆ ಹೇಳೇತಿ. ಸುಳ್ಳ ಹೇಳೂ ರೊಕ್ಕ ಬ್ಯಾರೆ ಇರತಾವು,’ ಎಂದರು. ಅಜ್ಜಿಗೆ ಸಮಾಧಾನವಾಗಿ ಚಹಾ ಕುಡಿದು ಹೋದಳು. ನನಗೆ ಆಗಲಿಲ್ಲ. ಹಾಗಾದರೆ ಈಗಲಾದರೂ ಬೇಡ ಅನ್ನಬಹುದಲ್ಲ, ಬೆರಳು ಉಳಿಸಿಕೊಳ್ಳಬಹುದಲ್ಲ ಎಂದು ಕೇಳಿದೆ. ನಿಜ ಹೇಳಬೇಕೆಂದರೆ ಅವರು ಏನು ಹೇಳಬೇಕೆಂದು ಆಸೆಪಟ್ಟೆನೋ ನನಗೇ ತಿಳಿಯದು.

‘ಇಷ್ಟು ಮಂದಿ ಕೂಡಿ ಕೇಳೇವಿ,’ ಎಂದರು. ‘ಬಂದ ಉತ್ತರ ಸೇರಲಿಲ್ಲ ಅಂತ ಹೊಳ್ಳಿಸಾಕ ಅದೇನ ಕವಡಿ ಅಲ್ಲಲ್ರಿ.’

ಕೀಮೋ ಶುರುವಾಯಿತು. ಕೂದಲು ಹೋದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ; ‘ನಾ ಎಂದರ ನೋಡೇನೇನು?’ ಎಂದರು. ಬೆರಳು ಕಾಯಲು ಡಾಕ್ಟರು ಒಂದು ಉಪಾಯ ಹೇಳಿದ್ದಳು: ಆ ಔಷಧ ಹನಿಯುವಷ್ಟು ಹೊತ್ತು ಕೈಗೆ ಮಂಜುಗಡ್ಡೆ ಹಿಡಿಯುವುದು. ಮಾಸ್ತರ ರಜೆ ಹಾಕಿ ಬಂದು ಪ್ರತಿ ಸಲವೂ ಅವರ ಎರಡೂ ಕೈಗಳನ್ನು ಮಂಜುಗಡ್ಡೆಯ ಚೀಲಗಳ ನಡುವೆ ಹಿಡಿದು ಕೂರುತ್ತಿದ್ದ. ಅವನ ಕೈಯೂ ನೀಲಿಗಟ್ಟುತ್ತಿತ್ತು. ಕೆಲವರಿಗೆ ಉಪಯೋಗವಾಗುತ್ತದಂತೆ. ಇವರಿಗೆ ಆಗಲಿಲ್ಲ.

ಒಂದು ಮಧ್ಯಾಹ್ನ ಕರೆದರೆಂದು ಹೋದೆ. ತೊಡೆಯ ಮೇಲೆ ಬ್ರೈಲ್ ಪುಸ್ತಕ ತೆರೆದಿತ್ತು. ಉಬ್ಬಿದ ಚುಕ್ಕೆಗಳ ಮೇಲೆ ಬೆರಳು ಓಡಾಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮೊದಲಿಗೆ ಬರುತ್ತಿತ್ತು. ‘ಇದರಾಗ ಅಕ್ಷರ ಅದಾವೇನ್ರಿ, ನೋಡಿ ಹೇಳ್ರಿ,’ ಎಂದರು.

‘ಅದಾವ್ರಿ. ಹಾಳಿ ತುಂಬ ಅದಾವು.’

‘ನನಗ ಬರೇ ನುಣ್ಣಗ ಹತ್ತಾಕತ್ತೈತಿ.’ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ‘ಈಗ ಕುರುಡಿ ಆದೆ ನೋಡ್ರಿ ಬಾಯಾರ. ಇಷ್ಟ ದಿವಸ ಮಂದಿ ಅಂತಿದ್ರು, ನನಗ ಗೊತ್ತಿರಲಿಲ್ಲ.’

ಹಾರ್ಮೋನಿಯಂನ ಮಣೆಗಳು ಕೈಗೆ ಹತ್ತದೆ ಸ್ವರ ತಪ್ಪತೊಡಗಿದವು. ಬಾಯಿಂದಲೇ ಪಾಠ ಹೇಳಿದರು. ತಮ್ಮ ಕೈ ಮೇಲೆ ಶಿಷ್ಯರ ಕೈ ಇಡಿಸಿಕೊಳ್ಳುವುದನ್ನು ಬಿಟ್ಟರು. ಬಿಸಿ ಚಹಾ ಚೆಲ್ಲಿಕೊಂಡು ಬೊಕ್ಕೆ ಎದ್ದದ್ದೂ ಅವರಿಗೆ ತಿಳಿದದ್ದು ನಾನು ಹೇಳಿದ ಮೇಲೆ. ಆ ವರ್ಷ ನಾನು ಕಂಡ ಕಂಡ ಗುಡಿಗೆಲ್ಲ ಹರಕೆ ಹೊತ್ತೆ. ದೇವರಲ್ಲಿ ಅಂಥ ನಂಬಿಕೆ ಇದ್ದವಳಲ್ಲ ನಾನು. ಆದರೆ ಬೇರೆ ಯಾರಲ್ಲಿ ಕೇಳಲಿ? ಆಯುಷ್ಯ ಕೊಡು ಎಂದು ಕೇಳಲಿಲ್ಲ. ಬೆರಳು ಕೊಡು ಎಂದೇ ಕೇಳಿದೆ.

ಮರುವರ್ಷ ಬೇಸಿಗೆಯಲ್ಲಿ ಬೆರಳು ಮೆಲ್ಲಗೆ ಬಂದವು. ಮೊದಲು ಇರುವೆ ಹರಿದಂತೆ ಚುಮುಚುಮು ಎಂದರು. ಆಮೇಲೆ ನೀರು ಬಿಸಿಯೋ ತಣ್ಣಗೋ ತಿಳಿಯಿತು. ಒಂದು ದಿನ ಗೋಡೆಯಾಚೆಯಿಂದ ಹಾರ್ಮೋನಿಯಂ ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಒಂದು ಸಾಲು ತಪ್ಪಿಲ್ಲದೆ ನುಡಿಸಿ ತಾವೇ ‘ನಡೀತೈತಿ’ ಎಂದುಕೊಂಡರು. ಮಾಸ್ತರನಿಗೆ ಫೋನು ಹೋಯಿತು. ಅವನು ಫೋನಿನಲ್ಲೇ ಅತ್ತ. ಆಮೇಲಿನ ಕೆಲವು ದಿನ ಅವರು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡಿದರು: ಬಾಗಿಲ ಚಿಲಕ, ತಾಮ್ರದ ತಂಬಿಗೆಯ ತಗ್ಗು, ನನ್ನ ಸೀರೆಯ ಅಂಚು. ಅವರು ಅಷ್ಟು ಸುಖವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಆ ವಾರದ ಕೊನೆಗೆ ಒಂದು ಮುಂಜಾನೆ ಕರೆದರು. ಪಾಠಕ್ಕೆ ಬಂದವರನ್ನು ಹಿಂದೆ ಕಳಿಸಿದ್ದರು. ನನ್ನನ್ನು ಒಳಗೆ ಕರೆದು ಕದ ಹಾಕಿಸಿದರು. ನನ್ನ ಕೈ ಹಿಡಿದು ತಮ್ಮ ಕೊರಳ ಬುಡದಲ್ಲಿ, ಹೆಗಲ ಎಲುಬಿನ ಮೇಲಿನ ತಗ್ಗಿನಲ್ಲಿ ಇಟ್ಟುಕೊಂಡರು.

‘ಇಲ್ಲಿ ನೋಡ್ರಿ.’

‘ಏನೂ ಹತ್ತವಲ್ದರಿ.’

‘ಒತ್ತಬ್ಯಾಡ್ರಿ. ಸುಮ್ಮನ 	ಬೆರಳ ಆಡಸ್ರಿ.’

ಆಡಿಸಿದೆ. ಚರ್ಮ ಬೆಚ್ಚಗಿತ್ತು, ಕೆಳಗೆ ನಾಡಿ ಬಡಿಯುತ್ತಿತ್ತು. ‘ಏನೂ ಇಲ್ರಿ ಅಕ್ಕೋರ,’ ಎಂದೆ.

‘ಐತ್ರಿ. ಜೋಳದ ಕಾಳಿನಷ್ಟೈತಿ. ನಿಮ್ಮ ಬೆರಳಿಗೆ ತಿಳಿಯಂಗಿಲ್ಲ. ನನ್ನವು ಹೊಳ್ಳಿ ಬಂದಾವಲ್ಲ, ಅವಕ್ಕ ತಿಳೀತು.’

ನನಗೆ ದನಿ ಹೊರಡಲಿಲ್ಲ. ಆ ಬೆರಳು ಬರದೇ ಇದ್ದಿದ್ದರೆ ಇನ್ನೊಂದಿಷ್ಟು ದಿನ ಇದು ತಿಳಿಯುತ್ತಿರಲಿಲ್ಲ, ಇನ್ನೊಂದಿಷ್ಟು ದಿನ ಅವರು ಹಾಗೇ ಸುಖವಾಗಿರುತ್ತಿದ್ದರು ಎಂದು ಹೊಟ್ಟೆಯೊಳಗೆ ಸಂಕಟವಾಯಿತು. ಅವರು ಕೈ ಚಾಚಿ ನನ್ನ ಮುಖ ಹುಡುಕಿದರು. ಕೆನ್ನೆಯ ಮೇಲೆ ಬೆರಳು ಬಂದು ನಿಂತವು.

‘ಹಸಿ ಐತಿ,’ ಎಂದರು. ಬೆರಳಿನ ತುದಿಯನ್ನು ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡರು, ಮತ್ತೆ ಕೆನ್ನೆ ಮುಟ್ಟಿದರು. ‘ನೋಡ್ರಿ ಬಾಯಾರ, ಕಣ್ಣೀರೂ ತಿಳಿಯಾಕತ್ತಾವು.’

ಅವರ ದನಿಯಲ್ಲಿ ಸಂತೋಷವಿತ್ತು.